ಬಟ್ಟಲಲ್ಲಿ ಮೂರು ಕೆಂಪು ಡೈಸ್: ರಾಯಚೂರಿನ ಒಂದು ರೋಲ್‌ಪ್ಲೇಯಿಂಗ್ ಗುಂಪಿನ ಪ್ರಕರಣ ಅಧ್ಯಯನ

ಪಳಗಿದ ಆಟಗಾರ, ಹೊಸಬರು ಒಂದೇ ಟೇಬಲ್‌ಗೆ ಕೂತಾಗ ಆಟ ಎಲ್ಲಿ ಹದ ತಪ್ಪುತ್ತದೆ, ಅದನ್ನು ಸರಿಮಾಡಲು ಹೋದವರು ಎಲ್ಲೆಲ್ಲಿ ಎಡವುತ್ತಾರೆ ಎಂಬುದಕ್ಕೆ ಈ ಗುಂಪು ಒಳ್ಳೆಯ ಉದಾಹರಣೆ. ಯಾರ ಹೆಸರನ್ನೂ ಕೊಟ್ಟಿಲ್ಲ, ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ಬದಲಿಸಲಾಗಿದೆ. ಆಟಗಾರರನ್ನು ಅವರವರ ಪಾತ್ರದಿಂದಲೇ ಕರೆದಿದೆ. ನಿಯಮ ಮತ್ತು ಲೆಕ್ಕ ಮಾತ್ರ ಇದ್ದದ್ದು ಇದ್ದ ಹಾಗೆ.

ಹಿನ್ನೆಲೆ

ಭಾನುವಾರ ಮಧ್ಯಾಹ್ನ ಮೂರರಿಂದ ಏಳರವರೆಗೆ, ಒಂದು ಮನೆಯ ಹಾಲ್. ಕೂಲರ್ ಮುಂದೆ ಜಮಖಾನ, ಅದರ ಮೇಲೆ ಚೌಕ ಗೆರೆ ಎಳೆದ ಡ್ರಾಯಿಂಗ್ ಶೀಟ್, ನಡುವೆ ಒಂದು ಸಲ ಒಗ್ಗರಣೆ-ಮಿರ್ಚಿಗೆ ಬಿಡುವು. ಆಟ ಡಂಜನ್ಸ್ ಅಂಡ್ ಡ್ರಾಗನ್ಸ್, 2014ರ 5ನೇ ಆವೃತ್ತಿ. ಒಬ್ಬೊಬ್ಬರು ಕಥೆಯ ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸಿ ಆಡುವ ಆಟ ಇದು. ಎಲ್ಲ ಪಾತ್ರಗಳೂ 5ನೇ ಲೆವೆಲ್. ಕಥೆ ಹೇಳಿ, ಶತ್ರುಗಳನ್ನು ಆಡಿಸಿ ಆಟ ನಡೆಸುವವರು (ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ) ಸುಮಾರು ಮೂವತ್ತರ ಒಬ್ಬ ಮಹಿಳೆ, ಗುಂಪಿಗೆಲ್ಲ ಅಕ್ಕ.

ಆಡುವವರು ಐದು ಜನ. ಬಿಲ್ಲಾಳು ಎಂಜಿನಿಯರಿಂಗ್ ವಿದ್ಯಾರ್ಥಿ, ಆರು ವರ್ಷದಿಂದ ಆಡುತ್ತಿದ್ದಾನೆ, ನಿಯಮ ಪುಸ್ತಕ ಬಾಯಿಪಾಠ. ಅವನದು ಫೈಟರ್ ವರ್ಗ, ಕೈಯಲ್ಲಿ ಹ್ಯಾಂಡ್ ಕ್ರಾಸ್‌ಬೋ. ಬೇಹುಗಾರ್ತಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಲೂಡೋ, ಕೇರಂ ಬಿಟ್ಟು ಬೇರೆ ಆಟ ಕಂಡವಳಲ್ಲ. ಅವಳದು ರೋಗ್ ವರ್ಗ. ಮಂತ್ರವಾದಿ ಪಿಯುಸಿ ಹುಡುಗ, ವಿಝರ್ಡ್. ಪೂಜಾರಿ ಬ್ಯಾಂಕ್ ಉದ್ಯೋಗಿ, ಕ್ಲೆರಿಕ್, ಎರಡು ವರ್ಷದ ಅನುಭವ. ಜಟ್ಟಿ ಒಬ್ಬ ಹೈಸ್ಕೂಲ್ ಮೇಷ್ಟ್ರು, ಬಾರ್ಬೇರಿಯನ್. ನಿಯಮ ಓದುವುದಿಲ್ಲ, ಆದರೆ ಸಂತೆಯ ದಲ್ಲಾಳಿ ಜೊತೆ ಚೌಕಾಸಿ ಮಾಡುವ ದೃಶ್ಯ ಬಂದರೆ ಇಡೀ ಹಾಲ್ ಅವರ ಮಾತು ಕೇಳುತ್ತದೆ.

ಇನ್ನೊಂದು ಸಂಗತಿ ಮೊದಲಿಗೆ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ನಿಯಮ ಪುಸ್ತಕ ಇಂಗ್ಲಿಷಿನದು. ಅದನ್ನು ಸಲೀಸಾಗಿ ಓದುವವರು ಇಬ್ಬರೇ, ಬಿಲ್ಲಾಳು ಮತ್ತು ಪೂಜಾರಿ. ಉಳಿದ ಮೂವರಿಗೆ ನಿಯಮ ತಲುಪಿದ್ದು ಬಿಲ್ಲಾಳಿನ ಬಾಯಿಂದ.

ತೊಂದರೆ ಎಲ್ಲಿ ಕಂಡಿತು

ಮೂರನೇ ಭಾನುವಾರದ ಹೊತ್ತಿಗೆ ಪ್ರತಿ ಕಾಳಗವೂ ಒಂದೇ ಥರ ಮುಗಿಯತೊಡಗಿತು. ಬಿಲ್ಲಾಳು ಅರ್ಧಕ್ಕಿಂತ ಹೆಚ್ಚು ಶತ್ರುಗಳನ್ನು ಒಬ್ಬನೇ ಉರುಳಿಸುತ್ತಿದ್ದ. ಬೇಹುಗಾರ್ತಿ ಕಂಬದ ಹಿಂದೆ ಅಡಗುವುದು, ಮುಂದಿನ ಟರ್ನ್‌ನಲ್ಲಿ (ಸರದಿಯಲ್ಲಿ) ಹೊರಬಂದು ಒಂದು ಏಟು ಹಾಕುವುದು, ಮತ್ತೆ ಅಡಗುವುದು. ಮಂತ್ರವಾದಿ ತನ್ನ ಟರ್ನ್ ಬಂದ ಮೇಲೆ ಮಂತ್ರದ ಹಾಳೆ ತಿರುವಲು ಶುರುಮಾಡುತ್ತಿದ್ದ.

ಬಿಲ್ಲಾಳಿನ ಲೆಕ್ಕ ಹೀಗಿದೆ. ಮೊದಲ ಲೆವೆಲ್‌ನಲ್ಲೇ ಕ್ರಾಸ್‌ಬೋ ಎಕ್ಸ್‌ಪರ್ಟ್, 4ನೇ ಲೆವೆಲ್‌ನಲ್ಲಿ ಶಾರ್ಪ್‌ಶೂಟರ್ ಎಂಬ ಎರಡು ಫೀಟ್ (ವಿಶೇಷ ಕೌಶಲ) ತೆಗೆದುಕೊಂಡಿದ್ದ. 5ನೇ ಲೆವೆಲ್‌ಗೆ ಫೈಟರ್‌ಗೆ ಎರಡು ಏಟು, ಬೋನಸ್ ಆ್ಯಕ್ಷನ್ ಎಂಬ ಹೆಚ್ಚುವರಿ ಅವಕಾಶದಿಂದ ಇನ್ನೊಂದು, ಒಟ್ಟು ಮೂರು. ಗುರಿಗೆ 20 ಮುಖದ ಡೈಸ್ ಉರುಳಿಸಿದಾಗ ಬಂದ ಅಂಕದ ಮೇಲೆ 8 ಕೂಡುತ್ತದೆ. ಶಾರ್ಪ್‌ಶೂಟರ್ ಬಳಸಿದರೆ ಅದರಲ್ಲಿ 5 ಕಳೆದು, ತಗುಲಿದರೆ 10 ಡ್ಯಾಮೇಜ್ (ಶತ್ರುವಿಗಾಗುವ ಪೆಟ್ಟು) ಹೆಚ್ಚು. ಎದುರಿಗಿದ್ದ ಆರ್ಕ್ ಎಂಬ ರಾಕ್ಷಸನ ಆರ್ಮರ್ ಕ್ಲಾಸ್ (ಏಟು ತಗುಲಲು ಮುಟ್ಟಬೇಕಾದ ಅಂಕ) 13. ಆಗ ತಗುಲುವ ಸಾಧ್ಯತೆ ಶೇ. 55, ತಗುಲಿದರೆ ಸರಾಸರಿ 16.5. ಕ್ರಿಟಿಕಲ್ (ಡೈಸ್‌ನಲ್ಲಿ 20 ಬಿದ್ದಾಗಿನ ಹೆಚ್ಚಿನ ಪೆಟ್ಟು) ಬಿಟ್ಟು ಲೆಕ್ಕ ಹಾಕಿದರೂ ಪ್ರತಿ ಟರ್ನ್‌ಗೆ 27 ಡ್ಯಾಮೇಜ್. ಆರ್ಕ್‌ಗಿರುವ ಹಿಟ್ ಪಾಯಿಂಟ್ (ಪ್ರಾಣಬಲ, ಸೊನ್ನೆಯಾದರೆ ಬಿದ್ದ ಹಾಗೆ) ಬರೀ 15.

ಬೇಹುಗಾರ್ತಿಗೆ ಗುರಿಗೆ 7, ತಗುಲುವ ಸಾಧ್ಯತೆ ಶೇ. 75, ಚಿಕ್ಕ ಕತ್ತಿಯಿಂದ ಸರಾಸರಿ 7.5. ಟರ್ನ್‌ಗೆ 5.6 ಬಿತ್ತು. ಅದೂ ಅಡಗಲು ಹೋಗದ ಟರ್ನ್‌ನಲ್ಲಿ.

27ಕ್ಕೂ 5.6ಕ್ಕೂ ಇರುವ ಅಂತರ ನೋಡಿದರೆ ಯಾರಿಗಾದರೂ ಪಾತ್ರಗಳ ಬಲದಲ್ಲೇ ಏರುಪೇರು ಇದೆ ಅನ್ನಿಸುತ್ತದೆ. ಡಿಎಂಗೂ ಹಾಗೇ ಅನ್ನಿಸಿತು. ಮುಂದಿನ ತಪ್ಪುಗಳೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಮೊದಲ ಮದ್ದು: ಶತ್ರುಗಳನ್ನು ಗಟ್ಟಿ ಮಾಡುವುದು

ನಾಲ್ಕನೇ ವಾರ ಆರ್ಕ್‌ಗಳ ಆರ್ಮರ್ ಕ್ಲಾಸ್ 13ರಿಂದ 16ಕ್ಕೆ, ಹಿಟ್ ಪಾಯಿಂಟ್ 15ರಿಂದ 30ಕ್ಕೆ ಏರಿತು. ಇಂಥ ಏಳು ಆರ್ಕ್, ಜೊತೆಗೆ ಓಗರ್ ಎಂಬ ಇನ್ನೂ ದೊಡ್ಡ ರಾಕ್ಷಸರು ಇಬ್ಬರು. ಡಂಜನ್ ಮಾಸ್ಟರ್ಸ್ ಗೈಡ್‌ನ ಕೋಷ್ಟಕ ಕಾಳಗ ಎಷ್ಟು ಕಷ್ಟವೆಂದು ಅಂಕದಲ್ಲಿ ಅಳೆಯುತ್ತದೆ. ಅದರ ಪ್ರಕಾರ ಆರ್ಕ್‌ಗೆ ತಲಾ 100, ಓಗರ್‌ಗೆ ತಲಾ 450, ಒಟ್ಟು 1600. ಒಂಬತ್ತು ಶತ್ರುಗಳಿದ್ದರೆ 2.5ರಿಂದ ಗುಣಿಸಬೇಕು, 4000. ಐದು ಜನ 5ನೇ ಲೆವೆಲ್‌ನವರಿಗೆ 3750 ದಾಟಿದರೆ ಕಷ್ಟ, 5500 ದಾಟಿದರೆ ಪ್ರಾಣಾಂತಕ. ಕಾಗದದ ಮೇಲೆ ಇದು ಬರೀ ಕಷ್ಟದ ಕಾಳಗ. ಆದರೆ ಹಿಟ್ ಪಾಯಿಂಟ್ ದುಪ್ಪಟ್ಟು ಮಾಡಿದ್ದನ್ನು ಡಿಎಂ ಆ 4000ಕ್ಕೆ ಸೇರಿಸಿರಲಿಲ್ಲ.

ಬಿಲ್ಲಾಳಿನ ಡ್ಯಾಮೇಜ್ 27ರಿಂದ ಸುಮಾರು 20ಕ್ಕೆ ಇಳಿಯಿತು. ಒಂದು ಟರ್ನ್‌ಗೆ ಬೀಳುತ್ತಿದ್ದ ಆರ್ಕ್ ಈಗ ಎರಡು ಟರ್ನ್‌ಗೆ ಬಿತ್ತು. ಅವನಿಗೆ ಇದು ಸೊಗಸಾದ ಕಾಳಗ. ಬೇಹುಗಾರ್ತಿಯದು 5.6ರಿಂದ 4.5ಕ್ಕೆ ಇಳಿಯಿತು, ಎದುರಿಗೆ 30 ಹಿಟ್ ಪಾಯಿಂಟ್. ಅಂದರೆ ಒಬ್ಬಳೇ ಒಂದು ಆರ್ಕ್ ಉರುಳಿಸಲು ಸುಮಾರು ಏಳು ಟರ್ನ್ ಬೇಕು; ಅಷ್ಟರಲ್ಲಿ ಕಾಳಗವೇ ಮುಗಿದಿರುತ್ತದೆ. ಎರಡನೇ ರೌಂಡ್‌ನಲ್ಲೇ (ಎಲ್ಲರಿಗೂ ಒಂದೊಂದು ಟರ್ನ್ ಆದರೆ ಒಂದು ರೌಂಡ್) ಓಗರ್‌ಗಳ ಎರಡು ಏಟು, ಆರ್ಕ್‌ಗಳ ಎರಡು ಏಟು ಬಿದ್ದು ಅವಳ 38 ಹಿಟ್ ಪಾಯಿಂಟ್ ಸೊನ್ನೆಯಾಯಿತು. ಆ ಕಾಳಗ ನಡೆದದ್ದು ಒಂದು ಗಂಟೆ ನಲವತ್ತು ನಿಮಿಷ. ಅದರಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಅವಳು ಮೊಬೈಲ್ ನೋಡುತ್ತ ಕೂತಿದ್ದಳು.

ಗಟ್ಟಿಗನನ್ನು ಅಳತೆಗೋಲು ಮಾಡಿಕೊಂಡು ಶತ್ರುವನ್ನು ಬೆಳೆಸಿದರೆ ಭಾರವೆಲ್ಲ ಹೊಸಬರ ತಲೆಗೆ ಬೀಳುತ್ತದೆ. ಆರ್ಮರ್ ಕ್ಲಾಸ್ ಏರಿಸುವುದಂತೂ ಎಲ್ಲಕ್ಕಿಂತ ಕೆಟ್ಟ ದಾರಿ, ಯಾಕೆಂದರೆ ಒಂದು ಟರ್ನ್‌ಗೆ ಒಂದೇ ಏಟು ಇರುವವರಿಗೆ ಡೈಸ್ ತಪ್ಪಿತೆಂದರೆ ಇಡೀ ಟರ್ನ್ ಖಾಲಿ. ಮೂರು ಏಟಿನವನಿಗೆ ಒಂದು ತಪ್ಪಿದರೂ ಎರಡು ಉಳಿದಿರುತ್ತವೆ.

ಎರಡನೇ, ಮೂರನೇ ಮದ್ದು

ಮರೆ ಒಡ್ಡುವುದು, ಹತ್ತಿರ ನುಗ್ಗುವುದು ಬಿಲ್ಲಿನವರಿಗೆ ಎಲ್ಲರೂ ಹೇಳುವ ಉಪಾಯ. ಇಲ್ಲಿ ಎರಡೂ ನಡೆಯಲಿಲ್ಲ. ಶಾರ್ಪ್‌ಶೂಟರ್ ಇದ್ದವನಿಗೆ ಅರ್ಧ ಮರೆಯೂ ಮುಕ್ಕಾಲು ಮರೆಯೂ ಲೆಕ್ಕಕ್ಕಿಲ್ಲ. ಕ್ರಾಸ್‌ಬೋ ಎಕ್ಸ್‌ಪರ್ಟ್ ಇದ್ದವನಿಗೆ ಶತ್ರು ಮೈಮೇಲೆ ಬಂದು ನಿಂತರೂ ಗುರಿ ಕೆಡುವುದಿಲ್ಲ. 2024ರ ಪರಿಷ್ಕೃತ ನಿಯಮದಲ್ಲಿ ಶಾರ್ಪ್‌ಶೂಟರ್‌ನ ಆ 5 ಕಳೆದು 10 ಕೂಡುವ ಭಾಗವೇ ಇಲ್ಲ. ಅದಕ್ಕೆ ಬದಲಾಯಿಸೋಣವೆಂದು ಡಿಎಂ ಕೇಳಿದಾಗ ಬಿಲ್ಲಾಳು ಒಪ್ಪಿದ, ಮುಖ ಮಾತ್ರ ಸಪ್ಪಗಾಯಿತು. ಆಟದ ನಡುವೆ ಒಬ್ಬನ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೆಂದು ಡಿಎಂ ಅದನ್ನು ಕೈಬಿಟ್ಟರು. ಸರಿಯಾದ ತೀರ್ಮಾನವೇ. ಅಂಥ ಬದಲಾವಣೆಯನ್ನು ಆಟ ಶುರುವಾಗುವ ಮೊದಲು ಎಲ್ಲರೂ ಕೂತು ಮಾಡಬೇಕು.

ಆಮೇಲೆ ಬೇಹುಗಾರ್ತಿಗೆ ಒಂದು ಮಾಯಾ ಕತ್ತಿ ಸಿಕ್ಕಿತು, ಗುರಿಗೂ ಡ್ಯಾಮೇಜ್‌ಗೂ ಒಂದೊಂದು ಹೆಚ್ಚು. 5.6 ಇದ್ದದ್ದು 6.8 ಆಯಿತು. ಅಷ್ಟೇ.

ಕೊನೆಗೆ ಡಿಎಂ ಪರದೆಯ ಹಿಂದೆ ಕೈಯಾಡಿಸಿದರು. ಐದನೇ ವಾರ ಒಂದು ಆರ್ಕ್‌ಗೆ ಜಟ್ಟಿ 9 ಹೊಡೆದಿದ್ದ, ಬೇಹುಗಾರ್ತಿ 8 ಹೊಡೆದಳು. ಡಿಎಂ ಆ ಆರ್ಕ್ ಸತ್ತಿತೆಂದರು. ಪಳಗಿದ ಆಟಗಾರರು ಡ್ಯಾಮೇಜ್ ಮನಸ್ಸಿನಲ್ಲೇ ಕೂಡಿಸುತ್ತಿರುತ್ತಾರೆ, ಇದು ಡಿಎಂಗೆ ನೆನಪಿರಬೇಕಿತ್ತು.

“ಅಕ್ಕಾ, ಹಿಂದಿನ ಆರ್ಕ್ 30ಕ್ಕ ಬಿತ್ತು. ಇದು 17ಕ್ಕ ಹ್ಯಾಂಗ ಬಿತ್ತು?” ಎಂದ ಬಿಲ್ಲಾಳು. ಅವನಿಗೆ ಚುಚ್ಚುವ ಉದ್ದೇಶ ಇರಲಿಲ್ಲ, ಲೆಕ್ಕ ಕೇಳಿದ್ದ.

ಬೇಹುಗಾರ್ತಿ ಡೈಸ್ ಕೆಳಗಿಟ್ಟಳು. “ನನಗ ಬಿಟ್ಟುಕೊಟ್ರೇನಕ್ಕಾ?”

ಆ ದಿನ ಆಟ ಅಲ್ಲಿಗೇ ನಿಂತಿತು.

ತಿರುವು: ಒಂದು ನೋಟ್‌ಬುಕ್

ಮುಂದಿನ ಎರಡು ಕಾಳಗಗಳಲ್ಲಿ ಡಿಎಂ ಏನನ್ನೂ ಬದಲಿಸಲಿಲ್ಲ, ಶತ್ರುಗಳನ್ನು ಪುಸ್ತಕದಲ್ಲಿ ಇದ್ದ ಹಾಗೇ ಇಟ್ಟರು. ಪೂಜಾರಿಯ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಪ್ರತಿ ಟರ್ನ್‌ಗೆ ಎರಡೇ ವಿಷಯ ಬರೆಯಲು ಹೇಳಿದರು: ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ ಎಷ್ಟು ಹೊತ್ತಾಯಿತು, ಏನು ಮಾಡಬೇಕೆಂದು ತೀರ್ಮಾನಿಸಿದ್ದು ಯಾರು.

ಮಂತ್ರವಾದಿಯ ಟರ್ನ್ ಆರು ನಿಮಿಷದ ಆಸುಪಾಸು. ಜಟ್ಟಿಯದು ಒಂದು ನಿಮಿಷಕ್ಕೂ ಕಡಿಮೆ. ಬೇಹುಗಾರ್ತಿಗೆ ಸಿಕ್ಕ ಒಂಬತ್ತು ಟರ್ನ್‌ಗಳಲ್ಲಿ ಏಳರ ಎದುರು ಪೂಜಾರಿ ಬರೆದದ್ದು ಬಿಲ್ಲಾಳಿನ ಹೆಸರು. “ಅಲ್ಲಿ ಬ್ಯಾಡ್ರಿ, ಈ ಕಡೆ ಬರ್ರಿ”, “ಮೇಷ್ಟ್ರ, ಅದನ್ನ ಬಿಡ್ರಿ, ದೊಡ್ಡದಕ್ಕ ಹೊಡೀರಿ” ಅಂತ ಅವನು ಸದಾ ಹೇಳುತ್ತಿದ್ದ, ಒಳ್ಳೆಯ ಮನಸ್ಸಿನಿಂದಲೇ. ಮೈದಾನದಲ್ಲಿ ಐದು ಪಾತ್ರಗಳಿದ್ದವು, ಆಡುತ್ತಿದ್ದವನು ಒಬ್ಬ.

ಅದೇ ನೋಟ್‌ಬುಕ್‌ನಿಂದ ಇನ್ನೊಂದು ವಿಷಯ ಹೊರಬಂತು. ಬೇಹುಗಾರ್ತಿಯ ಡ್ಯಾಮೇಜ್ ಎದುರು ಸ್ನೀಕ್ ಅಟ್ಯಾಕ್ (ಕದ್ದು ಹೊಡೆಯುವ ಏಟು) ಎಂಬ ರೋಗ್ ವರ್ಗದ ಹೆಚ್ಚುವರಿ ಡೈಸ್ ಒಮ್ಮೆಯೂ ಬಂದಿರಲಿಲ್ಲ. ಯಾಕೆಂದು ಕೇಳಿದಾಗ ಅವಳೆಂದಳು, ಅಡಗಿಕೊಂಡು ಹೊಡೆದರೆ ಮಾತ್ರ ಆ ಡೈಸ್ ಸಿಗುತ್ತದಲ್ಲ, ಅಡಗಲು ಹೋದರೆ ಪ್ರತಿ ಸಲ ಯಾರಿಗಾದರೂ ಕಾಣಿಸುತ್ತೇನೆ. ಮೊದಲ ದಿನ ಬಿಲ್ಲಾಳು ಅವಸರದಲ್ಲಿ ಹೇಳಿದ್ದ ಒಂದು ಸಾಲು ಅವಳ ಮನಸ್ಸಿನಲ್ಲಿ ನಿಯಮವಾಗಿ ನಿಂತಿತ್ತು. ಹೆಸರೂ ಹಾಗೆಯೇ ದಾರಿ ತಪ್ಪಿಸುತ್ತದೆ. ನಿಜವಾದ ನಿಯಮದಲ್ಲಿ ಅಡಗುವುದು ಒಂದು ದಾರಿ ಅಷ್ಟೆ. ಶತ್ರುವಿನಿಂದ ಐದು ಅಡಿಯೊಳಗೆ ನಮ್ಮವರೊಬ್ಬರು ನೆಟ್ಟಗೆ ನಿಂತಿದ್ದು, ಗುರಿಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನು ಹಿಡಿಯುವುದು) ಇಲ್ಲದಿದ್ದರೆ ಸಾಕು, ಟರ್ನ್‌ಗೆ ಒಮ್ಮೆ ಆ ಡೈಸ್ ಸಿಗುತ್ತದೆ. 5ನೇ ಲೆವೆಲ್‌ಗೆ ಮೂರು ಡೈಸ್, ಸರಾಸರಿ 10.5. ಅದನ್ನು ಸೇರಿಸಿದರೆ ಅವಳ ಡ್ಯಾಮೇಜ್ 5.6ರಿಂದ 13.5ಕ್ಕೆ ಏರುತ್ತದೆ.

ಮಾಯಾ ಕತ್ತಿ ಕೊಟ್ಟದ್ದು 1.2. ಒಂದು ನಿಯಮ ಸರಿಯಾಗಿ ತಿಳಿದದ್ದು 7.9. ಇಡೀ ಪ್ರಕರಣದಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿಲ್ಲ.

ಏನು ಬದಲಿಸಿದರು

ನಿಯಮ ವಿವರಿಸುತ್ತ ಕೂರುವ ಬದಲು ಡಿಎಂ ಒಂದು ಚಿಕ್ಕ ಸ್ಟೀಲ್ ಬಟ್ಟಲಿಗೆ ಮೂರು ಕೆಂಪು ಡೈಸ್ ಹಾಕಿ ಶೀಟಿನ ನಡುವೆ ಇಟ್ಟರು. ಶತ್ರುವಿನ ಪಕ್ಕ ಹೋಗಿ ನಿಂತವರು ಬಟ್ಟಲನ್ನು ಬೇಹುಗಾರ್ತಿಯ ಕಡೆ ಸರಿಸಬೇಕು. ಬಟ್ಟಲು ಮುಂದಿದ್ದರೆ ಮೂರು ಡೈಸ್ ಸೇರಿಸಿ ಉರುಳಿಸಬೇಕು. ಅಷ್ಟೇ ನಿಯಮ. ಇದರಿಂದ ಯಾರೂ ಎಣಿಸಿರದ ಒಂದು ಲಾಭವಾಯಿತು. ಅದುವರೆಗೆ ಎಲ್ಲೆಂದರಲ್ಲಿ ನುಗ್ಗುತ್ತಿದ್ದ ಜಟ್ಟಿ ಈಗ ಬಟ್ಟಲು ಸರಿಸುವ ಸಲುವಾಗಿಯೇ ಜಾಗ ನೋಡಿ ನಿಲ್ಲತೊಡಗಿದರು. ಇಬ್ಬರು ಹೊಸಬರು ಒಬ್ಬರಿಗೊಬ್ಬರು ಹೊಂದಿ ಆಡುವುದನ್ನು ಕಲಿತರು, ಯಾರೂ ಹೇಳಿಕೊಡದೆ.

ಮಂತ್ರವಾದಿಯ ಒಂಬತ್ತು ಮಂತ್ರಗಳನ್ನು ಕನ್ನಡದಲ್ಲಿ ಒಂದೊಂದು ಕಾರ್ಡಿಗೆ ಬರೆದು ಮೂರು ಗುಂಪು ಮಾಡಿದರು: ಏಟು, ತಡೆ, ತಪ್ಪಿಸಿಕೊಳ್ಳುವುದು. ಒಂದು ಕಾರ್ಡಿಗೆ ಮೂರೇ ಸಾಲು. ಎಷ್ಟು ದೂರ, ಏನಾಗುತ್ತದೆ, ಶತ್ರು ಯಾವ ಡೈಸ್ ಉರುಳಿಸಬೇಕು. ಜೊತೆಗೆ ಡಿಎಂ ಪ್ರತಿ ಟರ್ನ್‌ಗೂ “ಈಗ ಪೂಜಾರಿ, ಮುಂದ ನೀನು” ಎಂದು ಮೊದಲೇ ಎಚ್ಚರಿಸತೊಡಗಿದರು. ಆರು ನಿಮಿಷ ಎರಡಕ್ಕೆ ಇಳಿಯಿತು. ಮರಳು ಗಡಿಯಾರ ಇಡುವ ಸಲಹೆಯೂ ಬಂದಿತ್ತು. ತಡಬಡಿಸುವವನ ಮುಂದೆ ಗಡಿಯಾರ ಇಟ್ಟರೆ ಕೈ ಇನ್ನಷ್ಟು ನಡುಗುತ್ತದೆ, ಅದನ್ನು ಬಿಟ್ಟದ್ದೇ ಒಳ್ಳೆಯದಾಯಿತು.

ಬಿಲ್ಲಾಳಿನ ಜೊತೆ ಡಿಎಂ ಚಹಾ ಕುಡಿಯುತ್ತ, ಬೇರೆ ಯಾರೂ ಇಲ್ಲದಾಗ ಮಾತಾಡಿದರು. ನೋಟ್‌ಬುಕ್ ತೋರಿಸಿದರು. ಆ ಏಳು ಟರ್ನ್‌ಗಳನ್ನು ನೋಡಿ ಅವನು ಸ್ವಲ್ಪ ಹೊತ್ತು ಸುಮ್ಮನಾಗಿ, “ನಾ ಹೇಳಿಕೊಡಾಕತ್ತೀನಿ ಅನ್ಕೊಂಡಿದ್ದೆ ಅಕ್ಕಾ” ಎಂದ. ಕೇಳಿದರೆ ಮಾತ್ರ ಹೇಳುವುದು, ಕೇಳಿದಾಗಲೂ ಎರಡು ದಾರಿ ಹೇಳಿ ಆಯ್ಕೆ ಅವರಿಗೇ ಬಿಡುವುದು ಎಂದು ಒಪ್ಪಂದವಾಯಿತು. ಶಾರ್ಪ್‌ಶೂಟರ್ ಅವನ ಬಳಿಯೇ ಉಳಿಯಿತು.

ಕಲ್ಲಿನ ಗಾಡಿ

ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಮಿಕ್ಕಿದ ಉದ್ದದ ಒಂದು ಕಲ್ಲಿದೆ. ಅದರ ಮೇಲೆ 1294ರ, ಕಾಕತೀಯರ ಕಾಲದ ಶಾಸನ. ಆ ಕಲ್ಲನ್ನು ಗಾಡಿಯ ಮೇಲೆ ಹೇರಿ ಎಳೆದು ತಂದ ದೃಶ್ಯವನ್ನೂ ಕೊರೆದಿದ್ದಾರೆ. ಊರಿನ ಎಲ್ಲರೂ ಕಂಡ ಕಲ್ಲು. ಡಿಎಂ ಮುಂದಿನ ಕಾಳಗವನ್ನು ಅದರಿಂದಲೇ ಕಟ್ಟಿದರು.

ಕೆಲಸ ಇಷ್ಟು: ಕೋಣಗಳು ಎಳೆಯುವ ಗಾಡಿಯಲ್ಲಿ 40 ಅಡಿ ಉದ್ದದ ಚಪ್ಪಡಿಯನ್ನು 60 ಅಡಿ ದೂರದ ಕೋಟೆ ಬಾಗಿಲಿಗೆ ಮುಟ್ಟಿಸಬೇಕು. ಒಬ್ಬರು ಕೋಣಗಳನ್ನು ಸಂಭಾಳಿಸಿ (ಡೈಸ್‌ನಲ್ಲಿ ಮುಟ್ಟಬೇಕಾದ ಗುರಿ 12), ಇನ್ನೊಬ್ಬರು ಹಗ್ಗಕ್ಕೆ ಬಲ ಕೊಟ್ಟರೆ (ಗುರಿ 13) ಗಾಡಿ ರೌಂಡ್‌ಗೆ 10 ಅಡಿ ಸಾಗುತ್ತದೆ. ಹಗ್ಗಗಳು ನಾಲ್ಕು. ಒಬ್ಬ ಶತ್ರು ಎರಡು ಟರ್ನ್ ಕೂತು ಕಡಿದರೆ ಒಂದು ಹಗ್ಗ ಹೋಗುತ್ತದೆ, ಎರಡು ಹೋದರೆ ಗಾಡಿ ನಿಲ್ಲುತ್ತದೆ. ಶತ್ರುಗಳು ಎಂಟು ದರೋಡೆಕೋರರು, ಒಬ್ಬ ನಾಯಕ. ಕೋಷ್ಟಕದಲ್ಲಿ ಇದು 200 ಮತ್ತು 450, ಒಟ್ಟು 650, 2.5ರಿಂದ ಗುಣಿಸಿದರೆ 1625. ಮಧ್ಯಮ ಎನ್ನಲು 2500 ಬೇಕು, ಹಾಗಾಗಿ ಇದು ಸುಲಭದ ಪಟ್ಟಿಯಲ್ಲಿ ಬರುವ ಕಾಳಗ. ಯಾರ ಆರ್ಮರ್ ಕ್ಲಾಸ್ ಅನ್ನೂ ಮುಟ್ಟಲಿಲ್ಲ.

ಜಾಣತನ ಇದ್ದದ್ದು ಜೋಡಣೆಯಲ್ಲಿ. ಶತ್ರುಗಳು ಒಮ್ಮೆಗೇ ಬರಲಿಲ್ಲ; ಮೊದಲ ರೌಂಡ್‌ನಲ್ಲಿ ಮೂವರು, ಎರಡನೆಯದರಲ್ಲಿ ಮೂವರು, ನಾಲ್ಕನೆಯದರಲ್ಲಿ ಇಬ್ಬರು ಮತ್ತು ನಾಯಕ, ಪ್ರತಿ ಸಲವೂ ಚಪ್ಪಡಿಯ ಎರಡೂ ಬದಿಯಿಂದ. ಚಪ್ಪಡಿ ಗಾಡಿಯ ಮೇಲೆ ಆಳೆತ್ತರಕ್ಕಿದೆ. ಅದರಾಚೆ ಇರುವವನಿಗೆ ಸಂಪೂರ್ಣ ಮರೆ, ಶಾರ್ಪ್‌ಶೂಟರ್‌ಗೂ ದಕ್ಕದ ಮರೆ ಅದೊಂದೇ. 11 ಹಿಟ್ ಪಾಯಿಂಟ್‌ನ ದರೋಡೆಕೋರನಿಗೆ 16.5 ಹೊಡೆದರೂ ಸಾಯುವುದು ಒಬ್ಬನೇ, ಮಿಕ್ಕದ್ದು ವ್ಯರ್ಥ. ಬಿಲ್ಲಾಳಿಗೆ ಏಟಿನ ಲೆಕ್ಕ ಇಲ್ಲಿ ಸಾಲದು, ಯಾವ ಬದಿ ಎಂಬ ತೀರ್ಮಾನ ಬೇಕು.

ಎರಡನೇ ರೌಂಡ್‌ನಲ್ಲಿ ಅವನು ಚಪ್ಪಡಿಯ ಮೇಲೆ ಹತ್ತಿದ. ಎರಡೂ ಬದಿ ಕಾಣುತ್ತದೆ, ಆದರೆ ಎರಡೂ ಬದಿಯವರಿಗೆ ಅವನೂ ಕಾಣುತ್ತಾನೆ. ಡಿಎಂ ಅದನ್ನು ತಡೆಯಲಿಲ್ಲ, ಬೆಲೆ ಕಟ್ಟಿಸಿಕೊಂಡರು. 44 ಹಿಟ್ ಪಾಯಿಂಟ್ 12ಕ್ಕೆ ಇಳಿಯಿತು. ಪೂಜಾರಿ ಎಂದಿನಂತೆ ಬ್ಲೆಸ್ ಎಂಬ ಮಂತ್ರ ಹಾಕಲು ಹೋಗಿ ತಡೆದರು. ಬ್ಲೆಸ್ ಏಟಿಗೆ ಮತ್ತು ಸೇವ್‌ಗೆ (ಅಪಾಯದಿಂದ ಪಾರಾಗಲು ಉರುಳಿಸುವ ಡೈಸ್‌ಗೆ) ಕೂಡುತ್ತದೆ, ಹಗ್ಗ ಎಳೆಯುವುದಕ್ಕೆ ಕೂಡುವುದಿಲ್ಲ. ಅದಕ್ಕೆ ಗೈಡೆನ್ಸ್ ಎಂಬ ಇನ್ನೊಂದು ಮಂತ್ರ ಬೇಕು. ಎರಡಕ್ಕೂ ಏಕಾಗ್ರತೆ ಬೇಕಾದ್ದರಿಂದ ಒಟ್ಟಿಗೆ ನಡೆಯುವುದಿಲ್ಲ. ಅವರು ಗೈಡೆನ್ಸ್ ಆರಿಸಿದರು. ಅದುವರೆಗಿನ ಪ್ರತಿ ಕಾಳಗದಲ್ಲೂ ಬ್ಲೆಸ್ ಬಿಲ್ಲಾಳಿನ ಬಲಕ್ಕೇ ಬಲ ಸೇರಿಸುತ್ತಿತ್ತು, ಅದೂ ಆ ದಿನ ನಿಂತಿತು.

ಐದನೇ ರೌಂಡ್. ಒಂದು ಹಗ್ಗ ಆಗಲೇ ಹೋಗಿತ್ತು, ಎರಡನೆಯದೂ ಹರಿಯಿತು, ಗಾಡಿ ವಾಲಿ ನಿಂತಿತು. ಜಟ್ಟಿ ನಾಯಕನ ಎದುರು ನಿಂತು ಬಟ್ಟಲು ಸರಿಸಿದರು. ಬೇಹುಗಾರ್ತಿ ಬಟ್ಟಲು ನೋಡಿದಳು, ಮುಟ್ಟಲಿಲ್ಲ.

“ಅಕ್ಕಾ, ನನ್ನ ಹತ್ರ 50 ಅಡಿ ಹಗ್ಗ ಅದ. ಅಚ್ಚಿಗೆ ಎರಡು ಸುತ್ತು ಹಾಕಿ, ಕೆಳಗಿಂದ ಎಳದು ಗಂಟು ಹಾಕ್ತೀನಿ. ಅಂಗಡ್ಯಾಗ ಬಟ್ಟಿ ಬೇಲ್ ಹಂಗೇ ಕಟ್ಟೋದು, ಎಳದಷ್ಟೂ ಬಿಗಿ ಆಕ್ಕತಿ.”

ಗಂಟು ಹೇಗೆಂದು ಎರಡು ಬೆರಳಿನಿಂದ ತೋರಿಸಿದಳು. ಡಿಎಂ ಡೈಸ್ ಕೇಳಲೇ ಇಲ್ಲ. ಕೆಲಸ ಹೇಗೆ ಮಾಡುತ್ತೇನೆಂದು ಆಟಗಾರರು ಬಿಡಿಸಿ ಹೇಳಿದ ಮೇಲೆ, ಅದು ತಪ್ಪುವ ಕಾರಣ ಕಾಣದಿದ್ದರೆ, ಡೈಸ್ ಉರುಳಿಸಬೇಕಾಗಿಲ್ಲ. ಗಾಡಿ ಮತ್ತೆ ಹೊರಟಿತು, ಏಳನೇ ರೌಂಡ್‌ಗೆ ಬಾಗಿಲು ಮುಟ್ಟಿತು. ಒಂದು ಗಂಟೆ ಐದು ನಿಮಿಷ. ನಾಯಕ ಸಾಯಲಿಲ್ಲ, ಓಡಿಹೋದ.

ಆ ದಿನದ ನೋಟ್‌ಬುಕ್‌ನಲ್ಲಿ ಬೇಹುಗಾರ್ತಿಯ ಏಳು ಟರ್ನ್‌ಗಳಲ್ಲಿ ಬಿಲ್ಲಾಳಿನ ಹೆಸರಿದ್ದದ್ದು ಒಂದರ ಎದುರು. ಅದೂ ಅವಳೇ ಕೇಳಿದ್ದರಿಂದ.

ಇನ್ನೂ ಬಗೆಹರಿಯದೆ ಉಳಿದದ್ದು

ಡ್ಯಾಮೇಜ್ ಅಂತರ ಈಗಲೂ ಇದೆ, 27ಕ್ಕೆ 13.5. ಅದನ್ನು ಸಮ ಮಾಡುವ ಹಟ ಡಿಎಂ ಬಿಟ್ಟಿದ್ದಾರೆ. ಆದರೆ ಪ್ರತಿ ವಾರ ಗಾಡಿಯಂಥ ಕಾಳಗ ಕಟ್ಟಲು ಎರಡು-ಮೂರು ಗಂಟೆ ತಯಾರಿ ಬೇಕು, ಪುಸ್ತಕದಿಂದ ನಾಲ್ಕು ಆರ್ಕ್ ತೆಗೆದಿಡಲು ಹತ್ತು ನಿಮಿಷ ಸಾಕು. ಹಾಗಾಗಿ ಮೂರಕ್ಕೊಂದು ಕಾಳಗ ಮಾತ್ರ ಹೀಗೆ ಕಟ್ಟುತ್ತಾರೆ, ಉಳಿದವು ಸಾದಾ. ಸಾದಾ ಕಾಳಗದಲ್ಲಿ ಬಿಲ್ಲಾಳು ಮಿಂಚುತ್ತಾನೆ, ಮಿಂಚಲಿ. ಆರು ವರ್ಷ ಕಲಿತದ್ದಕ್ಕೆ ಅವನಿಗೂ ಒಂದು ಜಾಗ ಬೇಕು.

ಮಂತ್ರವಾದಿ ಪರೀಕ್ಷೆಗೆಂದು ಎರಡು ತಿಂಗಳು ಬರಲಿಲ್ಲ. ಮರಳಿದಾಗ ಮಂತ್ರಗಳು ಮರೆತಿದ್ದವು, ಮತ್ತೆ ಐದು ನಿಮಿಷ. ಕಾರ್ಡುಗಳನ್ನು ಮೂರಕ್ಕೆ ಇಳಿಸಿ ಮತ್ತೆ ಒಂದೊಂದೇ ಸೇರಿಸಬೇಕಾಯಿತು.

ಜಟ್ಟಿಯ ವಿಷಯ ಕೊನೆವರೆಗೂ ಅರ್ಧವೇ ಉಳಿಯಿತು. ಮಾತಿನ ದೃಶ್ಯದಲ್ಲಿ ಅವರದೇ ರಾಜ್ಯ, ಪಾತ್ರದ ಕರಿಸ್ಮಾ (ಮಾತಿನ ವರ್ಚಸ್ಸಿನ ಅಂಕ) ಮಾತ್ರ 8. ಅಂದರೆ ಡೈಸ್ ಉರುಳಿಸಿದರೆ 1 ಕಳೆಯಬೇಕು. ಮೇಷ್ಟ್ರು ಸೊಗಸಾಗಿ ಮಾತಾಡಿದ್ದಕ್ಕೆ ಗೆಲುವು ಕೊಟ್ಟರೆ ಕರಿಸ್ಮಾಕ್ಕೆ ಅಂಕ ಸುರಿದ ಪೂಜಾರಿಗೆ ಅನ್ಯಾಯ. ಡೈಸ್ ಮೇಲೆ ಬಿಟ್ಟರೆ ಅಷ್ಟು ಒಳ್ಳೆಯ ಮಾತು ನೀರುಪಾಲು. ಸದ್ಯಕ್ಕೆ ಡಿಎಂ ಹಿಡಿದ ದಾರಿ, ಮಾತಿನ ತಿರುಳು ಸರಿಯಿದ್ದರೆ ಗುರಿಯನ್ನು 15ರಿಂದ 10ಕ್ಕೆ ಇಳಿಸುವುದು, ಆದರೆ ಡೈಸ್ ಉರುಳಿಸಿಯೇ ತೀರುವುದು. ಪೂಜಾರಿ ಇದನ್ನು ಪೂರ್ತಿ ಒಪ್ಪಿಲ್ಲ.

7ನೇ ಲೆವೆಲ್‌ಗೆ ಬಂದಾಗ ಬಟ್ಟಲಿಗೆ ನಾಲ್ಕನೇ ಕೆಂಪು ಡೈಸ್ ಬಿತ್ತು. ಈಗ ಬಟ್ಟಲು ಸರಿಸುವ ಮೊದಲೇ ಬೇಹುಗಾರ್ತಿ ಶೀಟಿನ ಮೇಲೆ ಚೌಕ ಎಣಿಸಿ, “ಮೇಷ್ಟ್ರ, ಒಂದು ಮನಿ ಈ ಕಡೆ ಬರ್ರಿ” ಅನ್ನುತ್ತಾಳೆ.